ಜಂಜಿಬಾರದ ಎಡಗೈ

ರಂಗಂಪೇಟೆಯ ವಿಶ್ವರಾಧ್ಯ ಭೂಮಿಗೆ ಬಂದದ್ದೇ ಎಡಗೈ ಮುಂದೆ ಮಾಡಿಕೊಂಡು ಎಂದು ಅವನ ತಾಯಿ ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು. ಹೆರಿಗೆ ಮಾಡಿಸಿದ ಸೂಲಗಿತ್ತಿಯನ್ನು ಕೇಳಿದರೆ ಆಕೆ ಹೌದೆಂದೂ ಅನ್ನುತ್ತಿರಲಿಲ್ಲ, ಅಲ್ಲವೆಂದೂ ಅನ್ನುತ್ತಿರಲಿಲ್ಲ. ಎಡಗೈಯಲ್ಲಿ ಬಳಪ ಹಿಡಿದನೆಂದು ಮಾಸ್ತರು ಬೆರಳಿನ ಗಂಟಿಗೆ ಹೊಡೆದರು. ಎಡಗೈಯಲ್ಲಿ ರೊಟ್ಟಿ ಮುರಿದನೆಂದು ತಾಯಿ ಆ ಕೈಯನ್ನು ಬೆನ್ನಿಗೆ ಕಟ್ಟಿ ಊಟಕ್ಕೆ ಕೂಡಿಸಿದಳು. ಅವನು ಬಲಗೈಯಲ್ಲಿ ಉಂಡ. ಅರ್ಧ ಬಾಯಿಗೆ ಹೋಯಿತು, ಅರ್ಧ ಅಂಗಿಗೆ. ಲಿಂಗಪೂಜೆ ಕಲಿಸಲು ಬಂದ ಅಯ್ಯನವರೊಬ್ಬರೇ ಅವನ ಪರ ವಹಿಸಿದ್ದು.

"ಲಿಂಗಪ್ಪನ್ನ ಇಟ್ಕೊಳ್ಳೂದು ಎಡಗೈಯಾಗೇ ಅಲ್ಲೇನವಾ? ಆ ಕೈಗೆ ಯಾಕ ಬೈತಿ?" ಎಂದರು.

"ಲಿಂಗಪ್ಪನ್ನ ಇಟ್ಕೊಂಡು ಸುಮ್ನ ಕುಂತ್ರ ಬೈತಿದ್ದಿಲ್ರಿ ಅಯ್ಯನೋರೆ. ಇವ ಅದೇ ಕೈಲೆ ಮಜ್ಜಿಗಿ ಕುಡೀತಾನ," ಎಂದಳು ತಾಯಿ.

ಅಯ್ಯನವರು ದಕ್ಷಿಣೆ ತೆಗೆದುಕೊಂಡು ಹೋದರು.

ವಯಸ್ಸಿಗೆ ಬಂದ ಮೇಲೆ ವಿಶ್ವರಾಧ್ಯ ಸುರಪುರದ ರಸ್ತೆಗೆ ಒಂದು ಮಿರ್ಚಿ ಭಜಿ ಅಂಗಡಿ ಇಟ್ಟ. ಎಡಗೈಯಲ್ಲಿ ಕರಿಯುವುದು, ಬಲಗೈಯಲ್ಲಿ ಕೊಡುವುದು ಎಂದು ತನ್ನಷ್ಟಕ್ಕೆ ಒಂದು ಒಪ್ಪಂದ ಮಾಡಿಕೊಂಡಿದ್ದ. ಗಿರಾಕಿಗಳ ಕಡೆಯಿಂದ ತಕರಾರು ಬರಲಿಲ್ಲ. ತಕರಾರು ಬಂದದ್ದು ಬೀಗರಾಗಬೇಕಾದವರ ಕಡೆಯಿಂದ. ಮುದನಾಳದಲ್ಲಿ ಹೆಣ್ಣು ನೋಡಲು ಹೋದಾಗ ಅವನು ಅವಲಕ್ಕಿಯ ತಟ್ಟೆಗೆ ಎಡಗೈ ಹಾಕಿದ. ಮನೆಯ ಹಿರಿಯರು ಒಳಗೆ ಹೋದವರು ಹೊರಗೆ ಬರಲೇ ಇಲ್ಲ. ಶಹಾಪುರದವರು ಬಂದರು, ಆದರೆ ಬಂದದ್ದು ಹುಡುಗಿಗೆ ಈ ವರ್ಷ ಗ್ರಹಬಲ ಇಲ್ಲ ಎಂದು ಹೇಳಲು. ಆಮೇಲೆ ತಾಯಿ ಒಂದು ಉಪಾಯ ಹೇಳಿಕೊಟ್ಟಳು.

"ಎಡಗೈ ತೊಡಿ ಬುಡಕ ಇಟ್ಕೊಂಡು ಅದ್ರ ಮ್ಯಾಲೇ ಕುಂಡ್ರು. ಮನಿ ಬಿಡೂತನ ತಗೀಬ್ಯಾಡ."

ಅವನು ಹಾಗೆಯೇ ಮಾಡತೊಡಗಿದ. ಲಗ್ನದ ಮನೆ, ಸತ್ತವರ ಮನೆ, ಎಲ್ಲಿ ನಾಲ್ಕು ಜನರ ನಡುವೆ ಕೂಡಬೇಕಾಗಿ ಬಂದರೂ ಎಡಗೈ ತೊಡೆಯ ಕೆಳಗೆ ಹೋಗುತ್ತಿತ್ತು. ಎದ್ದು ನಿಲ್ಲುವ ಹೊತ್ತಿಗೆ ಅದಕ್ಕೆ ಜೋಮು ಹಿಡಿದಿರುತ್ತಿತ್ತು. ಮನುಷ್ಯನಿಗೆ ಮರ್ಯಾದೆ ಬೇಕೆಂದರೆ ಸ್ವಲ್ಪ ಜೋಮನ್ನೂ ತಡೆದುಕೊಳ್ಳಬೇಕು ಎಂದು ಅವನು ನಂಬಿದ್ದ.

ಆ ವರ್ಷಗಳಲ್ಲೇ, ಜೋಳದ ರಾಶಿ ಮುಗಿದ ಮೇಲೆ, ರಂಗಂಪೇಟೆಯ ಬಯಲಿಗೆ ಟೆಂಟ್ ಟಾಕೀಸು ಬಂತು. ಅದರಲ್ಲಿ ಹಾಕಿದ ಒಂದು ಹಳೆಯ ಕಪ್ಪು-ಬಿಳುಪು ಹಿಂದಿ ಸಿನೆಮಾವನ್ನು ಊರವರು ಜಂಜಿಬಾರದ ಪಿಚ್ಚರ್ ಎಂದು ಕರೆದರು. ನಿಜವಾದ ಹೆಸರಿದ್ದ ಪೋಸ್ಟರಿನ ತುಂಡನ್ನು ದನ ತಿಂದಿತ್ತು. ಕತೆ ನಡೆಯುವುದು ಆಫ್ರಿಕದ ಜಂಜಿಬಾರ ಎಂಬ ನಡುಗಡ್ಡೆಯಲ್ಲಿ. ಅಲ್ಲಿ ಹಡಗುಗಳಿವೆ, ತೆಂಗಿನ ಮರಗಳಿವೆ, ಗಾಳಿ ಇಲ್ಲದೆಯೂ ಆ ಮರಗಳು ಅಲುಗಾಡುತ್ತವೆ. ಎಲ್ಲರೂ ಹಿಂದಿ ಮಾತಾಡುತ್ತಾರೆ. ಆನೆದಂತದ ಸಾಹುಕಾರನೊಬ್ಬನನ್ನು ಯಾರೋ ಚೂರಿಯಿಂದ ಇರಿದು ಕೊಲ್ಲುತ್ತಾರೆ. ತಪ್ಪು ಹೋಟೆಲ್ಲಿನಲ್ಲಿ ಬಾಜಾ ಬಾರಿಸುವ ನಾಯಕನ ತಲೆಗೆ ಬರುತ್ತದೆ. ಅವನನ್ನು ಪ್ರೀತಿಸಿದ ನಾಯಕಿ ಸಾಹುಕಾರನ ತಂಗಿ, ಹೀಗಾಗಿ ಅವಳಿಗೆ ಎರಡೂ ಕಡೆಯಿಂದ ಅಳು. ಕೊನೆಗೆ ಇನ್ಸ್‌ಪೆಕ್ಟರನು ಗಾಯವನ್ನು ಪರೀಕ್ಷಿಸಿ, ತನ್ನ ಒಂದು ಕೈ ಮೇಲೆತ್ತಿ, ಕೊಲೆಗಾರ ಇರಿದದ್ದು ಇದೇ ಕೈಯಿಂದ ಎನ್ನುತ್ತಾನೆ. ಅವನು ಎತ್ತಿದ್ದು ಎಡಗೈ. ಇಡೀ ಜಂಜಿಬಾರದಲ್ಲಿ ಎಡಚ ಒಬ್ಬನೇ, ಸದಾ ನಗುತ್ತ ಎಡಗೈಯಲ್ಲಿ ಪೈಪು ಹಚ್ಚುವ ಡಾಕ್ಟರು. ಡಾಕ್ಟರು ಜೈಲಿಗೆ, ನಾಯಕ ನಾಯಕಿ ಹಡಗಿಗೆ, ಆಟ ಮುಗಿಯಿತು.

ವಿಶ್ವರಾಧ್ಯ ಅದನ್ನು ಮತ್ತೆ ಮತ್ತೆ ನೋಡಿದ. ನಾಯಕಿಯ ಸಲುವಾಗಿ ನೋಡಿದ ಎಂದು ಹೇಳಿದರೆ ತಪ್ಪಾಗಲಾರದು. ಅದರ ಫಲವೂ ಸಿಕ್ಕಿತು. ಟೆಂಟಿನಿಂದ ಹೊರಗೆ ಬಂದ ಗೆಳೆಯರು ಅವನನ್ನು ಅವತ್ತಿನಿಂದ "ಡಾಕ್ಟರ್" ಎಂದು ಕರೆಯತೊಡಗಿದರು. ಅವನು ಮೆಣಸಿನಕಾಯಿ ಸೀಳಲು ಚೂರಿ ಎತ್ತಿದರೆ ಸಾಕು, "ಏ ಡಾಕ್ಟರ್, ಸಾವಕಾಶ!" ಎಂದು ದೂರ ಸರಿಯುತ್ತಿದ್ದರು. ನಕ್ಕು ಬಿಡುತ್ತಿದ್ದ, ಒಳಗೆ ಮಾತ್ರ ಅದು ಚುಚ್ಚುತ್ತಿತ್ತು. ಅಂಗಡಿಗೂ ಅದೇ ಹೆಸರು ಅಂಟಿ ಡಾಕ್ಟರ್ ಭಜಿ ಅಂಗಡಿ ಆಯಿತು. ಇಂದಿನ ಹುಡುಗರು ಅಲ್ಲಿ ಎಣ್ಣೆ ಶುದ್ಧ ಇರುತ್ತದೆ, ಅದಕ್ಕೇ ಆ ಹೆಸರು ಎಂದುಕೊಂಡಿದ್ದಾರೆ.

ಆ ಬೇಸಿಗೆಯಲ್ಲಿ ರಾಮಸಮುದ್ರದಲ್ಲಿ ಹೆಣ್ಣು ನೋಡಲು ಹೋದರು. ವಿಶ್ವರಾಧ್ಯ ಎಡಗೈ ಮೇಲೆ ಕುಳಿತ. ಮಾತು ಚೆನ್ನಾಗಿಯೇ ನಡೆದಿತ್ತು. ಹುಡುಗಿ ಸೂಗಮ್ಮ ಚಹಾ ತಂದು ಕೊಟ್ಟು ಒಳಬಾಗಿಲಿಗೆ ಹೋಗಿ ನಿಂತಳು. ಅವನ ಬಲಗೈಗೆ ಕಪ್ಪು-ಬಸಿಯ ರೂಢಿ ಇರಲಿಲ್ಲ. ಬಸಿ ವಾಲಿತು, ಕಪ್ಪು ಜಾರಿತು. ಆಗ ತೊಡೆಯ ಕೆಳಗಿದ್ದ ಎಡಗೈ ಯಾರ ಅಪ್ಪಣೆಗೂ ಕಾಯದೆ ಹೊರಗೆ ಬಂದು ಕಪ್ಪನ್ನು ಗಾಳಿಯಲ್ಲೇ ಹಿಡಿಯಿತು. ಒಂದು ಹನಿ ಚಹಾ ಚೆಲ್ಲಲಿಲ್ಲ. ಯಾರೂ ಶಾಬಾಸ್ ಅನ್ನಲಿಲ್ಲ. ಸೂಗಮ್ಮನ ಅಪ್ಪ ಗಂಟಲು ಸರಿಮಾಡಿಕೊಂಡ.

"ಹುಡುಗ ಚಲೋ ಅದಾನ. ಆದ್ರ ನೋಡ್ರಿ..."

"ಅಪ್ಪಾ, ನನಗ ಒಪ್ಪಿಗಿ ಅದ," ಎಂದಳು ಸೂಗಮ್ಮ ಬಾಗಿಲಲ್ಲೇ.

ಹುಡುಗಿಯೊಬ್ಬಳು ಆ ಕಾಲದಲ್ಲಿ ಹಾಗೆ ಬಾಯಿಬಿಟ್ಟು ಹೇಳಿದ್ದನ್ನು ರಾಮಸಮುದ್ರ ಬಹಳ ದಿನ ಆಡಿಕೊಂಡಿತು. ವಿಶ್ವರಾಧ್ಯನಿಗಂತೂ ತಲೆ ತಿರುಗಿತು. ಕಪ್ಪು ಹಿಡಿದ ಚಾಲಾಕಿಗೆ ಮೆಚ್ಚಿದಳು ಎಂದುಕೊಂಡ.

ಲಗ್ನವಾಗಿ ರಂಗಂಪೇಟೆಗೆ ಬಂದ ಮೇಲೆ, ಒಂದು ಮಧ್ಯಾಹ್ನ ಅವನಿಗೆ ಹೋಳಿಗೆ ಬಡಿಸುತ್ತ ಸೂಗಮ್ಮ ನಿಜವಾದ ಕಾರಣ ಹೇಳಿದಳು. ಅವನು ರೂಢಿಯಂತೆ ಬಲಗೈಯಲ್ಲಿ ಒದ್ದಾಡುತ್ತಿದ್ದ.

"ಮನ್ಯಾಗ ಎಡಗೈಲೆ ಉಣ್ರಿ. ನನ್ನ ಮುಂದ ಏನ್ ನಾಚ್ಕಿ? ನಾ ನಿಮಗ ಹೂಂ ಅಂದದ್ದೇ ಆ ಕೈ ನೋಡಿ."

"ಕೈ ನೋಡಿ?"

"ಹೌದ್ರಿ. ಹ್ವಾದ ರಾಶ್ಯಾಗ ನಮ್ಮ ಸ್ವಾದರತ್ತಿ ಮನಿಗೆ ಇಲ್ಲಿಗೇ ಬಂದಿದ್ದೆ. ಜಂಜಿಬಾರದ ಪಿಚ್ಚರ್ ನೋಡ್ದೆ. ಅದ್ರಾಗ ಹೀರೋ ನಿಮ್ಮಂಗೇ ಎಡಚ. ಆ ಡಾಕ್ಟರ್ ಮುಂಡೇಮಗ ಬಲಗೈಲೆ ಚೂರಿ ಇರಿದು, ಪಾಪ, ಇವನ ಮ್ಯಾಲ ಹಾಕ್ಯಾನ. ಇನ್ಸ್‌ಪೆಕ್ಟರ್ ಬಲಗೈ ಎತ್ತಿ ತೋರಿಸ್ದ ಮ್ಯಾಲೇ ಬಿಟ್ರು. ಎಡಚ ಇದ್ದದ್ದಕ್ಕೇ ಅವ ಉಳದ."

ವಿಶ್ವರಾಧ್ಯ ಬಾಯಿ ತೆರೆದ. ಬಾಯಲ್ಲಿ ಹೋಳಿಗೆ ಇತ್ತು. ಅದನ್ನು ನುಂಗುವಷ್ಟರಲ್ಲಿ ಅವನಿಗೆ ಎಲ್ಲ ಹೊಳೆಯಿತು.

ಟೆಂಟಿನಲ್ಲಿ ಗಂಡಸರು ಪರದೆಯ ಮುಂದೆ ಕೂಡುತ್ತಿದ್ದರು, ಹೆಂಗಸರು ಪರದೆಯ ಹಿಂದೆ. ಗೋಷಾ ಹಿಡಿಯುವ ಮನೆಗಳ ಹೆಂಗಸರೂ ಬರಲಿ ಎಂದು ಟೆಂಟಿನ ಮಾಲೀಕ ಮಾಡಿದ್ದ ಏರ್ಪಾಡು ಅದು; ಊರಿಗೆಲ್ಲ ಒಪ್ಪಿಗೆಯಾಗಿ ಅದೇ ಪದ್ಧತಿಯಾಗಿತ್ತು. ತೆಳ್ಳಗಿನ ಬಟ್ಟೆಯ ಪರದೆ. ಮೇಲೆ ನೀರು ಚಿಮುಕಿಸಿದರೆ ಚಿತ್ರ ಹಿಂದಕ್ಕೂ ಚೆನ್ನಾಗಿ ಮೂಡುತ್ತಿತ್ತು, ಆದರೆ ತಿರುವುಮುರುವು. ಮುಂದಿನವರಿಗೆ ಎಡಗೈಯಾದದ್ದು ಹಿಂದಿನವರಿಗೆ ಬಲಗೈ. ಹೋಟೆಲ್ಲಿನ ಬೋರ್ಡು ಸಹ ಉಲ್ಟಾ ಕಾಣುತ್ತಿತ್ತು. ಸೂಗಮ್ಮನಿಗೆ ಓದಲು ಬರುತ್ತಿರಲಿಲ್ಲ. ಪಕ್ಕದಲ್ಲಿ ಕುಳಿತು ಹಿಂದಿ ಮಾತುಗಳನ್ನು ಕನ್ನಡದಲ್ಲಿ ಹೇಳಿದ ಅತ್ತೆಯ ನೆರೆಮನೆಯ ಖಾಸಿಂಬೀಗೂ ಬರುತ್ತಿರಲಿಲ್ಲ. ಇನ್ಸ್‌ಪೆಕ್ಟರ್ "ಇದೇ ಕೈ" ಅಂದ, ಖಾಸಿಂಬೀಯೂ "ಇದೇ ಕೈ" ಅಂದಳು. ಯಾರೂ ಸುಳ್ಳು ಹೇಳಿರಲಿಲ್ಲ.

"ಇನ್ನೊಂದು ಹೇಳ್ಲೇನ್ರಿ?" ಎಂದಳು ಸೂಗಮ್ಮ. "ಆ ಹೀರೋಯಿನ್ ಜಂಜಿಬಾರದಾಗ ಇದ್ರೂ ನಮ್ಮಂಗೇ ಬಲಕ್ಕ ಸೆರಗು ಹೊತ್ತಾಳ. ಅದಕ್ಕೇ ಆಕಿ ಮ್ಯಾಲ ನನಗ ಜೀವ."

ವಿಶ್ವರಾಧ್ಯ ತೆರೆದ ಬಾಯಿ ಮುಚ್ಚಿದ. ತನ್ನ ಕೈಯನ್ನು ನೋಡಿ ಜಗತ್ತಿನಲ್ಲಿ ಒಬ್ಬಳು ಮೆಚ್ಚಿದ್ದಳು. ಆ ಕೈ ನಿಜವಾಗಿ ಕೊಲೆಗಾರನದು ಎಂದು ತಾನೇ ಹೇಳುವಷ್ಟು ದೊಡ್ಡ ಮನುಷ್ಯ ಅವನಾಗಿರಲಿಲ್ಲ. ಎಡಗೈಯಲ್ಲಿ ಹೋಳಿಗೆ ಮುರಿದು ತಿಂದ. ಅಷ್ಟು ರುಚಿಯಾದ ಹೋಳಿಗೆಯನ್ನು ಅವನು ಹಿಂದೆ ತಿಂದಿರಲಿಲ್ಲ.

ಅವತ್ತಿನಿಂದ ಅವನ ಬದುಕಿಗೆ ಭಜಿ ಕರಿಯುವುದರ ಜೊತೆಗೆ ಇನ್ನೊಂದು ಉದ್ಯೋಗ ಅಂಟಿತು. ಸೂಗಮ್ಮ ಜಂಜಿಬಾರದ ಪಿಚ್ಚರನ್ನು ಮುಂದಿನಿಂದ ನೋಡದಂತೆ ಕಾಯುವುದು. ಟೆಂಟು ಮತ್ತೆ ಬಂದ ವರ್ಷ ಅವಳನ್ನು ತವರಿಗೆ ಕಳಿಸಿದ. ಮನೆಗೆ ಟೀವಿ ಬಂದಾಗ ಎಲ್ಲರಿಗಿಂತ ಮೊದಲು ಅವನೇ ಅದರ ಮುಂದೆ ಕುಳಿತು ವಾರದ ಕಾರ್ಯಕ್ರಮ ಕೇಳುತ್ತಿದ್ದ. ಒಂದು ಭಾನುವಾರ ಆ ಸಿನೆಮಾ ಬರುತ್ತದೆಂದು ಗೊತ್ತಾಯಿತು. ಅವತ್ತು ಮಧ್ಯಾಹ್ನ ಮಾಳಿಗೆಯ ಮೇಲಿನ ಆಂಟೆನಾ ಬಿತ್ತು. ಮಂಗ ಎಂದ. ರಂಗಂಪೇಟೆಯಲ್ಲಿ ಮಂಗಗಳಿಗೇನೂ ಕೊರತೆ ಇಲ್ಲ, ಸೂಗಮ್ಮ ನಂಬಿದಳು. ನಿಮ್ಮನ್ನು ಡಾಕ್ಟರ್ ಎಂದು ಯಾಕೆ ಕರೆಯುತ್ತಾರೆ ಎಂದು ಕೇಳಿದಾಗ, ಸಾಲೆಯಲ್ಲಿ ತಾನು ಬಹಳ ಶಾಣ್ಯಾ ಇದ್ದೆ ಎಂದ. ಅದನ್ನು ಅವಳು ಅಷ್ಟಾಗಿ ನಂಬಲಿಲ್ಲ.

ಇತ್ತ ಸೂಗಮ್ಮ ಸುಮ್ಮನೆ ಕೂಡುವ ಹೆಣ್ಣಲ್ಲ. ಓಣಿಯಲ್ಲಿ ಯಾವ ಕೂಸು ಎಡಗೈ ಮುಂದೆ ಮಾಡಿದರೂ ಆ ಮನೆಗೆ ಹೋಗಿ ತಾಯಿಗೆ ಜಂಜಿಬಾರದ ಕತೆ ಹೇಳಿ ಬರುತ್ತಿದ್ದಳು. ಖಾಸಿಂಬೀ ಸಾಕ್ಷಿಗೆ ಹೋಗುತ್ತಿದ್ದಳು. ಹೀಗಾಗಿ ಆ ಓಣಿಯಲ್ಲಿ ಎಡಚ ಮಕ್ಕಳಿಗೆ ಏಟು ಬೀಳುವುದು ನಿಂತಿತು. ಆ ಮಕ್ಕಳಲ್ಲೊಬ್ಬನಾದ ಬಡಗಿ ಹಣಮೇಶ ಇವತ್ತಿಗೂ ಎಡಗೈಯಲ್ಲಿ ಉಳಿ ಹಿಡಿದು ನೆಟ್ಟಗೆ ಕೂತು ಕೆಲಸ ಮಾಡುವುದು ಆ ಕೊಲೆಯ ದಯೆಯಿಂದ. ಇದನ್ನೆಲ್ಲ ನೋಡುತ್ತ ವಿಶ್ವರಾಧ್ಯನ ಭಯ ದೊಡ್ಡದಾಗುತ್ತ ಹೋಯಿತು. ಗೊತ್ತಾದರೆ ಇವಳು ತನ್ನ ಕೈಯನ್ನು ಮೊದಲಿನ ಹಾಗೆ ನೋಡುವುದಿಲ್ಲ. ಗೊತ್ತಿದ್ದೂ ಹೇಳದ ಬಾಯನ್ನೂ ನೋಡುವುದಿಲ್ಲ.

ಮಕ್ಕಳು ದೊಡ್ಡವರಾದರು, ಮೊಮ್ಮಕ್ಕಳಾದವು. ವಿಶ್ವರಾಧ್ಯನಿಗೆ ಮಂಡಿ ನೋವು ಶುರುವಾಯಿತು. ಇನ್ನು ಗೆದ್ದೆ ಎಂದುಕೊಳ್ಳುವ ಹೊತ್ತಿಗೆ ಶರಣಕುಮಾರ ಬಂದ.

ಶರಣಕುಮಾರ ಸುರಪುರದ ಕಾಲೇಜಿನಲ್ಲಿ ಪಾಠ ಹೇಳುವವನು. ತಿಂಗಳಿಗೊಮ್ಮೆ ರಂಗಂಪೇಟೆಯ ಸಾಲೆಯ ಮೈದಾನದಲ್ಲಿ ಬಟ್ಟೆ ಕಟ್ಟಿ ಹಳೆಯ ಸಿನೆಮಾ ತೋರಿಸುವ ಹುಚ್ಚು ಅವನಿಗೆ. ಒಂದು ಸಂಜೆ ಭಜಿ ತಿನ್ನುತ್ತ ಹೇಳಿದ.

"ಕಾಕಾ, ಐತಾರಕ್ಕ ಒಂದು ಅಪರೂಪದ್ದು ಸಿಕ್ಕದ. ಜಂಜಿಬಾರದಾಗ ಕೊಲಿ ಆಗ್ತದಲ್ಲ, ಅದು."

ಹಿಂದೆ ಕುಳಿತು ಮೆಣಸಿನಕಾಯಿ ಸೀಳುತ್ತಿದ್ದ ಸೂಗಮ್ಮ ಕೈ ನಿಲ್ಲಿಸಿದಳು.

"ಎಡಚ ಹೀರೋಂದಾ?"

"ಅದು ಗೊತ್ತಿಲ್ರಿ ಕಾಕಿ, ನಾನೂ ಇನ್ನಾ ನೋಡಿಲ್ಲ. ನೀವು ಬರ್ರಿ, ಮೊದಲ್ನೇ ಸಾಲಿನ್ಯಾಗೇ ಕುರ್ಚಿ ಹಾಕಸ್ತೀನಿ."

"ಬರ್ತೀನಿ, ಬರದ ಬಿಡ್ತೀನೇನು? ಖಾಸಿಂಬೀನ್ನೂ ಕರ್ಕೊಂಡು ಬರ್ತೀನಿ. ಸಾಯೂದ್ರಾಗ ಇನ್ನೊಮ್ಮಿ ನೋಡ್ಬೇಕಂತ ಎಷ್ಟು ಆಸಿ ಇತ್ತು!" ಎಂದಳು. ಎಣ್ಣೆಯಲ್ಲಿದ್ದ ಭಜಿ ಕರಕಾಯಿತು. ಡಾಕ್ಟರ್ ಭಜಿ ಅಂಗಡಿಯಲ್ಲಿ ಹಾಗೆ ಆದದ್ದು ಅದೇ ಮೊದಲು.

ಮರುದಿನ ವಿಶ್ವರಾಧ್ಯ ತನ್ನ ಹೊಸ, ತೆಳ್ಳಗಿನ ಮಲ್ಲಿನ ಧೋತರವನ್ನು ಮಡಿಸಿಕೊಂಡು ಶರಣಕುಮಾರನ ಮನೆಗೆ ಹೋದ. ಎದುರಿಗೆ ಇಟ್ಟ.

"ಪರದಾಕ್ಕ ಇದನ್ನ ಕಟ್ಟು. ನೀರು ಚಿಮುಕ್ಸು, ಭೇಷ್ ಕಾಣ್ತದ."

"ನನ್ನ ಹತ್ರ ಬಟ್ಟಿ ಅದ ಕಾಕಾ. ಆದ್ರೂ ಪ್ರೀತಿಲೆ ತಂದೀರಿ, ಇದನ್ನೇ ಕಟ್ಟೂಣು."

"ಮತ್ತ ಹೆಣ್ಮಕ್ಕಳನ್ನ ಹಿಂದಿನ್ ಬಾಜೂಕ ಕೂಡಸು. ಮೊದ್ಲಿನ ಪದ್ಧತಿ ಹಂಗೇ ಇತ್ತು."

ಶರಣಕುಮಾರ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಯಾವ ಕಾಲದಾಗ ಅದೀರಿ ಕಾಕಾ? ನಿಮ್ಮಂಥಾ ಶರಣರು ಹಿಂಗ ಮಾತಾಡ್ತೀರೇನು? ಹೆಣ್ಮಕ್ಕಳೇ ಮುಂದ ಕೂಡ್ತಾರ. ಬೇಕಾದ್ರ ಗಂಡಸ್ರು ಹಿಂದ ಕೂಡ್ಲಿ."

ಹೆಣ್ಣುಮಕ್ಕಳ ಸಮಾನತೆಯ ಮೇಲೆ ಒಂದು ಪಾಠವಾಯಿತು. ವಿಶ್ವರಾಧ್ಯ ತಲೆ ತಗ್ಗಿಸಿ ಕೇಳಿದ. ಅದರಲ್ಲಿ ಒಂದು ಮಾತನ್ನೂ ತಪ್ಪೆನ್ನುವ ಹಾಗಿರಲಿಲ್ಲ. ಧೋತರ ಅಲ್ಲೇ ಉಳಿಯಿತು.

ಭಾನುವಾರ ಹೊತ್ತು ಮುಳುಗುತ್ತಿದ್ದಂತೆ ಮೈದಾನ ತುಂಬಿತು. ಮೊದಲ ಸಾಲಿನಲ್ಲಿ ಸೂಗಮ್ಮ ಇಳಕಲ್ ಸೀರೆ ಉಟ್ಟು, ಮಡಿಲಲ್ಲಿ ಭಜಿಯ ಸ್ಟೀಲ್ ಡಬ್ಬಿ ಇಟ್ಟುಕೊಂಡು ಕುಳಿತಳು. ಒಂದು ಬದಿಗೆ ಖಾಸಿಂಬೀ, ಇನ್ನೊಂದು ಬದಿಗೆ ವಿಶ್ವರಾಧ್ಯ. ಅವನ ಎಡಗೈ ತೊಡೆಯ ಕೆಳಗೆ ಹೋಗಿತ್ತು. ಮಳೆ ಬರಲಿ ಎಂದು ಮುಗಿಲು ನೋಡಿದ, ಚುಕ್ಕೆಗಳಿದ್ದವು.

ಸಿನೆಮಾ ಶುರುವಾಯಿತು. ಹಡಗು ಬಂತು, ತೆಂಗಿನ ಮರ ಅಲುಗಾಡಿತು. ನಾಯಕಿ ಹಡಗಿನಿಂದ ಇಳಿದಳು.

"ಖಾಸಿಂಬೀ," ಎಂದಳು ಸೂಗಮ್ಮ, "ಈಕಿ ಸೆರಗು ಯಾಕ ಎಡಕ್ಕ ಹೋಗ್ಯದ?"

"ಹೊಸಾದಾಗಿ ತಗದಾರೇನೋ."

"ಕರಿ-ಬಿಳಿ ಅದಲ್ಲ, ಹೊಸಾದೇನು?"

ಖಾಸಿಂಬೀ ಕನ್ನಡಕ ಒರೆಸಿಕೊಂಡಳು. ಅಷ್ಟರಲ್ಲಿ ನಾಯಕ ಸಿಗರೇಟು ಹಚ್ಚಿದ, ಬಲಗೈಯಿಂದ. ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ ಸೂಗಮ್ಮನ ಬೆರಳುಗಳು ನಿಂತವು. ಆಮೇಲೆ ಡಾಕ್ಟರು ಬಂದ, ನಗುತ್ತ, ಎಡಗೈಯಲ್ಲಿ ಪೈಪು ಹಿಡಿದು. ಹಿಂದಿನ ಸಾಲಿನಿಂದ ಒಬ್ಬ ಮುದುಕ ಕೂಗಿದ, "ಬಂದ ನೋಡ್ರೆಪಾ ನಮ್ಮ ಡಾಕ್ಟರ್!" ಅವನ ಓರಗೆಯವರೆಲ್ಲ ನಕ್ಕರು. ಸೂಗಮ್ಮ ಹಿಂದೆ ತಿರುಗಿ ನಕ್ಕವರನ್ನು ನೋಡಿದಳು. ಗಂಡನನ್ನು ನೋಡಲಿಲ್ಲ.

ಸಿನೆಮಾ ತನ್ನ ಪಾಡಿಗೆ ತಾನು ನಡೆಯಿತು. ಇನ್ಸ್‌ಪೆಕ್ಟರ್ ಗಾಯ ಪರೀಕ್ಷಿಸಿದ, ಕೈ ಎತ್ತಿದ.

"ಇದೇ ಕೈ ಅಂದಾನ," ಎಂದಳು ಖಾಸಿಂಬೀ ಮೆಲ್ಲಗೆ. "ಆವಾಗೂ ನಾ ಅಷ್ಟೇ ಹೇಳೇನಿ ಸೂಗಮ್ಮಾ. ನಂದೇನು ತಪ್ಪಿಲ್ಲ."

ಸೂಗಮ್ಮ ಈಗ ಗಂಡನ ಕಡೆಗೆ ತಿರುಗಿದಳು.

"ನಿಮಗ ಗೊತ್ತಿತ್ತು."

"ಹೂಂ."

"ಯಾವಾಗಿಂದ?"

"ನೀ ಹೋಳಿಗಿ ನೀಡ್ದಾಗಿಂದ."

"ಆಂಟೆನಾ?"

"ನಾನೇ."

"ಯಾಕ ಹೇಳಿಲ್ಲ?"

"ಹೇಳಿದ್ರ ನೀ ಬಿಟ್ಟು ಹೋಗ್ತಿ ಅಂತ ಅಂಜಿದ್ದೆ."

"ಎಲ್ಲಿಗೆ ಹೋಗ್ತಿದ್ದೆ? ಜಂಜಿಬಾರಕ್ಕ?"

ಸೂಗಮ್ಮ ಎದ್ದು ನಿಂತಳು. ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದೇಬಿಟ್ಟಳು. ವಿಶ್ವರಾಧ್ಯನಿಗೆ ಏಳಲಾಗಲಿಲ್ಲ. ಮಂಡಿಯೂ ಬಿಡಲಿಲ್ಲ, ನಾಚಿಕೆಯೂ ಬಿಡಲಿಲ್ಲ. ಅವಳು ಮನೆಗೆ ಹೋದಳು, ಅಥವಾ ರಾಮಸಮುದ್ರದ ಬಸ್ಸಿಗೆ ಹೋದಳು ಎಂದುಕೊಂಡ. ಪಕ್ಕದ ಕುರ್ಚಿ ಖಾಲಿ ಕಂಡಾಗ ಅವನಿಗೆ ತನ್ನ ಬದುಕಿನಲ್ಲಿ ಎಂದೂ ಆಗದಷ್ಟು ಹೆದರಿಕೆಯಾಯಿತು. ಪರದೆಯ ಮೇಲೆ ಡಾಕ್ಟರಿಗೆ ಬೇಡಿ ಹಾಕುತ್ತಿದ್ದರು, ಎಡಗೈಗೆ ಮೊದಲು.

"ಏನ್ರಿ," ಎಂದು ಯಾರೋ ಕರೆದರು. ದನಿ ಪರದೆಯ ಹಿಂದಿನಿಂದ ಬಂತು. "ಅಲ್ಲೇನ್ ಕುಂತೀರಿ? ಇಲ್ಲಿ ಬರ್ರಿ."

ಜನ ನಕ್ಕರು. ಶರಣಕುಮಾರ ಗಾಬರಿಯಾಗಿ, "ಕಾಕಿ, ಹಿಂದ ಯಾಕ ಹೋದ್ರಿ?" ಎಂದು ಎದ್ದ. ಖಾಸಿಂಬೀ ಅವನ ಅಂಗಿ ಹಿಡಿದು ಕೂಡಿಸಿದಳು. ವಿಶ್ವರಾಧ್ಯ ಬಲಗೈಯಲ್ಲಿ ಕುರ್ಚಿ ಹಿಡಿದು ಎದ್ದ, ಜೋಮು ಹಿಡಿದ ಎಡಗೈಯನ್ನು ತೂಗಾಡಿಸುತ್ತ ಪರದೆಯನ್ನು ಸುತ್ತಿ ಹಿಂದಕ್ಕೆ ಹೋದ.

ಅಲ್ಲಿ ನೆಲದ ಮೇಲೆ, ತನ್ನ ಹರೆಯದಲ್ಲಿ ಕುಳಿತ ಹಾಗೆಯೇ, ಸೂಗಮ್ಮ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಳು. ಅವನು ಮಂಡಿ ಹಿಡಿದುಕೊಂಡು ಪಕ್ಕದಲ್ಲಿ ಕುಳಿತ. ಮಲ್ಲಿನ ಧೋತರದಲ್ಲಿ ಚಿತ್ರ ಸ್ಪಷ್ಟವಾಗಿ ಮೂಡಿತ್ತು. ನಾಯಕಿ ಬಲಕ್ಕೆ ಸೆರಗು ಹೊತ್ತು ಹಡಗಿನ ಏಣಿಯ ಕೆಳಗೆ ನಿಂತಿದ್ದಳು. ಮೇಲಿನಿಂದ ನಾಯಕ ಬಗ್ಗಿ ಕೈ ನೀಡಿದ. ಎಡಗೈ. ಆ ಸಿನೆಮಾವನ್ನು ಅಷ್ಟು ಸಲ ನೋಡಿದ್ದರೂ ವಿಶ್ವರಾಧ್ಯ ಇದನ್ನು ನೋಡಿರಲಿಲ್ಲ. ನಾಯಕಿ ಆ ಕೈ ಹಿಡಿದು ಮೇಲೇರಿದಳು. ಅವನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

"ನಾ ಆ ಕಡಿ ಕುಂತು ನೋಡಿ ನಿಮ್ಮನ್ನ ಆರಿಸ್ಕೊಂಡಿಲ್ಲ," ಎಂದಳು ಸೂಗಮ್ಮ, ಪರದೆಯಿಂದ ಕಣ್ಣು ತೆಗೆಯದೆ. ಡಬ್ಬಿ ತೆರೆದು ಮುಂದೆ ಹಿಡಿದಳು.

ಅವನು ಮೈದಾನದಲ್ಲಿ ಜನರಿದ್ದಾರೆಂದು ಬಲಗೈ ಚಾಚಿದ. ಅವಳು ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡಳು.

"ಆ ಕೈ ಅಲ್ಲ."

ಅವನು ಎಡಗೈ ಮುಂದೆ ಮಾಡಿದ. ಬೆರಳು ಮಡಚಲಾಗದಷ್ಟು ಜೋಮು ಹಿಡಿದಿತ್ತು. ಸೂಗಮ್ಮ ಅದನ್ನು ತನ್ನ ಎರಡೂ ಕೈಗಳ ನಡುವೆ ಹಿಡಿದು, ಜೋಮು ಇಳಿಯುವ ತನಕ ತಿಕ್ಕಿದಳು. ಆಮೇಲೆ ಅದರಲ್ಲಿ ಒಂದು ಭಜಿ ಇಟ್ಟಳು.